ಕಾಕಾನ ರವಿವಾರದ ಪಾದ ತಪಾಸಣೆ

ಮೊನ್ನೆ ರೋಣದ ಔಷಧಿ ಅಂಗಡಿಯಲ್ಲಿ ಕಾಲಿಗೆ ಹಾಕುವ ಪೌಡರಿನ ಡಬ್ಬಿ ಕೊಂಡೆ. ಮುಚ್ಚಳ ತೆಗೆದು ಮೂಸಿದ್ದೇ ತಡ, ಅಬ್ಬಿಗೇರಿಯ ನಮ್ಮ ಕಾಕಾ ಕಣ್ಣ ಮುಂದೆ ಬಂದು ನಿಂತ. ಕೆಲವರು ಮಲ್ಲಿಗೆಯ ವಾಸನೆಗೆ ನೆನಪಾಗುತ್ತಾರೆ. ನಮ್ಮ ಕಾಕಾನ ಹಣೆಬರಹ ಇಷ್ಟೇ ನೋಡಿ.

ಕಾಕಾ ಫೌಜಿನಲ್ಲಿದ್ದವನು. ಬಂದೂಕಿಗಿಂತ ಹತ್ತಿ, ಟಿಂಚರು ಹಿಡಿದದ್ದೇ ಹೆಚ್ಚು. ಪಲ್ಟನ್ನಿನ ಡಾಕ್ಟರ ಕೈಕೆಳಗೆ ಕೆಲಸ. ದೂರದ ನಡಿಗೆ ಮುಗಿಸಿದ ಜವಾನರು ಬೂಟು ಬಿಚ್ಚಿ ಸಾಲಾಗಿ ಕೂಡಬೇಕು, ಈತ ಒಬ್ಬೊಬ್ಬರ ಪಾದ ನೋಡಿ ಇಂಥದೇ ಪೌಡರು ಹಾಕಬೇಕು. ಪಿಂಚಣಿ ಪಡೆದು ಊರಿಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಪ್ರತಿ ರವಿವಾರ ಮುಂಜಾನೆ ಮನೆಮಂದಿಯೆಲ್ಲ ಕಟ್ಟೆಯ ಮೇಲೆ ಕಾಲು ಚಾಚಿ ಕೂಡಬೇಕು.

“ಗುಳ್ಳಿ ಎದ್ರ ತಪ್ಪಲ್ಲೋ, ಮುಚ್ಚಿಟ್ರ ತಪ್ಪು,” ಅನ್ನುತ್ತಿದ್ದ. ನನ್ನ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯನ್ನೂ ಬಿಡಲಿಲ್ಲ. ಕಾಲುಂಗುರದ ಆ ಪಾದಗಳನ್ನು ನೋಡಿ “ಫಿಟ್!” ಅಂದ. ಪಾಪ, ಆಕೆ ತವರಿಗೆ ಹೋಗಿ ಏನು ಹೇಳಿದಳೋ!

ಒಂದು ರವಿವಾರ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಆತನ ಮುಂದೆ ಬಂದು ನಿಂತಳು. ವಾರದಿಂದ ಈತ ಮನೆಯೊಳಗೂ ಸಾಕ್ಸ್ ಬಿಚ್ಚಿರಲಿಲ್ಲ.

“ಎಲ್ಲಾರ ಕಾಲ ನೋಡಿದ್ರಿ. ನಿಮ್ಮವು ತೋರಸ್ರಿ.”

“ನಂದೇನ ನೋಡ್ತಿ? ನಾ ಡಾಕ್ಟರ ಕೈಯಾಗ ಪಳಗಿದಾಂವ.”

“ಕೂಡ್ರಿ ಸಾಲಿನ್ಯಾಗ.”

ಕಾಕಾ ನನ್ನ ಪಕ್ಕದಲ್ಲೇ ಕೂತ. ಚಿಗವ್ವ ಸಾಕ್ಸ್ ಎಳೆದಳು. ಕಿರುಬೆರಳಿನ ಬುಡದಲ್ಲಿ ಹುಣ್ಣು, ಸುತ್ತ ಕಪ್ಪಗಾಗಿತ್ತು. ಸಕ್ಕರೆ ಕಾಯಿಲೆ, ಮೊದಮೊದಲು ನೋವೇ ತಿಳಿದಿರಲಿಲ್ಲ. ತಿಳಿದ ಮೇಲೆ ಹೇಳಿರಲಿಲ್ಲ.

“ಫೌಜಿನ್ಯಾಗ ಡಾಕ್ಟರ ಕಾಗದದಾಗ ಒಮ್ಮಿ ಆರೋಗ್ಯದ ದರ್ಜೆ ಕೆಳಗ ಬಿತ್ತಂದ್ರ ಬಡ್ತಿ ತಪ್ಪತಿತ್ತು,” ಎಂದ ತಲೆ ತಗ್ಗಿಸಿ. “ಎಷ್ಟೋ ಮಂದಿ ಮುಚ್ಚಿಡತಿದ್ರು. ನಾನೂ ಇಟ್ಟೇನಿ. ಆ ಹೆದರಿಕಿ ಇನ್ನೂ ಹೋಗವಲ್ದು.”

“ಮನ್ಯಾಗ ನಿಮ್ಮ ದರ್ಜೆ ಯಾರ ಇಳಸ್ತಾರ?” ಅಂದಳು ಚಿಗವ್ವ. ಆತನ ಪಾದ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನನಗೆ ಅಳು ಬಂತು.

ಮರುದಿನ ಹುಬ್ಬಳ್ಳಿಗೆ, ಮಾಜಿ ಸೈನಿಕರನ್ನು ಪುಕ್ಕಟೆ ನೋಡುವ ದವಾಖಾನೆಗೆ ಕರೆದುಕೊಂಡು ಹೋದೆವು. ಬೆರಳು ಹೋಯಿತು, ಕಾಲು ಉಳಿಯಿತು. ಊರಿಗೆ ಮರಳಿದ ಮೇಲೆ ಕಟ್ಟೆಯ ಸಾಲಿನಲ್ಲಿ ಮೊದಲ ಜಾಗ ಕಾಕಾನದೇ, ತಪಾಸಣೆ ಚಿಗವ್ವನದು.

ಇಷ್ಟೆಲ್ಲ ಕಂಡ ನಾನು ಆ ಪೌಡರು ಕೊಂಡದ್ದೇಕೆ ಅಂತೀರಾ? ನನಗೂ ಸಕ್ಕರೆ ಕಾಯಿಲೆಯಿದೆ. ಹಿಮ್ಮಡಿಯಲ್ಲಿ ಹದಿನೈದು ದಿನದಿಂದ ಆರದ ಗಾಯ. ಪೌಡರು ಸುರಿದು, ಸಾಕ್ಸ್ ಏರಿಸಿ, ಹೆಂಡತಿಯ ಕಣ್ಣು ತಪ್ಪಿಸುವ ಹಂಚಿಕೆ ಹಾಕಿದ್ದೆ. ಮನೆಗೆ ಬಂದವನು ಡಬ್ಬಿ ಪಕ್ಕಕ್ಕಿಟ್ಟೆ, ಸಾಕ್ಸ್ ಬಿಚ್ಚಿದೆ, ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಆಕೆಯನ್ನು ಕೂಗಿದೆ.

“ಏನಾತ್ರಿ?”

“ಇವತ್ತ ರವಿವಾರ ಅಲ್ಲ, ಖರೇ. ಆದ್ರೂ ನನ್ನ ಕಾಲ ಒಂಚೂರು ನೋಡು.”