ಅತ್ತೆಯ ಸ್ಟೇರಿಂಗು, ಅಳಿಯನ ಕೆಮ್ಮು

ಹನ್ನೊಂದು ವರ್ಷ ಶಾಲೆಯ ವ್ಯಾನು ಓಡಿಸಿದವಳಿಗೆ ಮಕ್ಕಳು ಇಟ್ಟ ಹೆಸರು ವ್ಯಾನಕ್ಕ. ಮೊದಲು ಮಕ್ಕಳು ಹಾಗೆ ಕರೆದರು, ಆಮೇಲೆ ಮಕ್ಕಳ ತಾಯಂದಿರು, ಆಮೇಲೆ ತರಕಾರಿ ಅಂಗಡಿಯವನು. ಕೊನೆಗೆ ಬ್ಯಾಂಕಿನ ಕಾವಲುಗಾರನೂ ಹಾಗೇ ಕರೆಯತೊಡಗಿದ. ಶಾಲೆಯವರು ಮಕ್ಕಳನ್ನು ಕರೆತರುವ ಕೆಲಸವನ್ನು ದೊಡ್ಡ ಬಸ್ಸಿನ ಕಂಪನಿಯೊಂದಕ್ಕೆ ವಹಿಸಿ ವ್ಯಾನನ್ನು ಮಾರಿಬಿಟ್ಟಾಗ, ವ್ಯಾನು ಹೋಯಿತು, ಹೆಸರು ಉಳಿಯಿತು. ನಲವತ್ತೇಳನೆಯ ವಯಸ್ಸಿನಲ್ಲಿ ಬರೀ ಹೆಸರನ್ನು ಇಟ್ಟುಕೊಂಡು ಏನು ಮಾಡುವುದು?

ಒಂದು ತಿಂಗಳು ಮನೆಯಲ್ಲಿ ಕೂತಳು. ಕೂತಳು ಅನ್ನುವುದೂ ಸುಳ್ಳೇ. ಕಪಾಟುಗಳನ್ನು ಎಳೆದು ಅವುಗಳ ಹಿಂದೆ ಗುಡಿಸಿದಳು. ನೆಟ್ಟಗಿದ್ದ ನಲ್ಲಿಯನ್ನು ಬಿಚ್ಚಿ, ಮತ್ತೆ ಜೋಡಿಸಿ, ಸೋರುವ ಹಾಗೆ ಮಾಡಿದಳು. ಎರಡನೆಯ ತಿಂಗಳು ಯಾರಿಗೂ ಹೇಳದೆ ಲಾರಿ ಓಡಿಸುವ ಹೆವಿ ಲೈಸೆನ್ಸಿನ ತರಬೇತಿಗೆ ಸೇರಿದಳು. ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದಳು, ಅದನ್ನೂ ಯಾರಿಗೂ ಹೇಳಲಿಲ್ಲ. ಎರಡನೆಯ ಸಲ ಪಾಸಾದ ಮೇಲೆ, ಒಂದು ಭಾನುವಾರ ಮಗಳ ಮನೆಗೆ ಊಟಕ್ಕೆ ಹೋಗಿ ಲೈಸೆನ್ಸನ್ನು ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ಅಮ್ಮ, ನಿನಗೇನಾಗಿದೆ?" ಅಂದಳು ಮಗಳು.

"ಏನೂ ಆಗಿಲ್ಲ ಕಣೆ. ಆಗಿದ್ರೆ ಲೈಸೆನ್ಸಿನ ಡಾಕ್ಟರ್ ಟೆಸ್ಟಲ್ಲೇ ಗೊತ್ತಾಗ್ತಿತ್ತು."

ಅಳಿಯ ಲೈಸೆನ್ಸನ್ನು ಒಮ್ಮೆ ತಿರುಗಿಸಿ ನೋಡಿ ಮತ್ತೆ ತುತ್ತು ಕಲಸಿದ. ಅವನು ಹನ್ನೆರಡು ವರ್ಷದಿಂದ ದೂರದೂರಿನ ಲಾರಿ ಓಡಿಸುತ್ತಿದ್ದವನು, ಔಷಧಿಯ ಹನಿ ಎಣಿಸಿದ ಹಾಗೆ ಮಾತು ಎಣಿಸುವ ಆಸಾಮಿ. ಅತ್ತೆ ಅವನ ಕಡೆ ತಿರುಗಿ, "ನೀವೇನಂತೀರಿ?" ಎಂದು ಕೇಳಿದಳು. ಅವನು ತುತ್ತು ನುಂಗಿ, ನೀರು ಕುಡಿದು, ಹೇಳಿದ:

"ವ್ಯಾನಲ್ಲಿ ಹಿಂದೆ ನೋಡಿದ್ರೆ ಮಕ್ಕಳು ಕಾಣ್ತಾರೆ ಅತ್ತೆ. ಲಾರೀಲಿ ಹಿಂದೆ ನೋಡಿದ್ರೆ ತಗಡು ಕಾಣತ್ತೆ."

"ತಗಡು ವಾಂತಿ ಮಾಡ್ಕೊಳಲ್ಲ ತಾನೆ?" ಅಂದಳು ಅವಳು.

ಕೆಲಸ ಸಿಕ್ಕಿದ್ದು ಅಳಿಯನ ಕಂಪನಿಯಲ್ಲೇ. ಹೊಸಬರು ಮೊದಲ ನಾಲ್ಕು ತಿಂಗಳು ಒಬ್ಬ ಹಳೆಯ ಡ್ರೈವರನ ಜೊತೆ ಹೋಗಬೇಕು ಎಂಬುದು ಅಲ್ಲಿನ ನಿಯಮ. ಯಾವ ಲಾರಿ ಯಾವ ಊರಿಗೆ ಎಂದು ಬರೆಯುವ ಆಫೀಸಿನ ಮೇಡಂ ಇಬ್ಬರು ಹಳಬರನ್ನು ಕೇಳಿ ನೋಡಿದಳು. ಒಬ್ಬನಿಗೆ ಆ ದಿನವೇ ಸೊಂಟನೋವು ಶುರುವಾಯಿತು. ಇನ್ನೊಬ್ಬ, ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದು ಹೋದವನು ಆ ಕಡೆ ತಲೆಯೇ ಹಾಕಲಿಲ್ಲ. "ಉಳಿದಿರೋದು ನಿಮ್ಮ ಅಳಿಯ ಒಬ್ರೇ," ಅಂದಳು ಮೇಡಂ. ಅಳಿಯ ಬಾಗಿಲ ಬಳಿಯೇ ನಿಂತಿದ್ದ. ಅತ್ತೆಯ ಎದುರು ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಬಾಯಿ ಬಾರದ್ದೇ ಮುಂದಿನ ಫಜೀತಿಗೆಲ್ಲ ಮೂಲವಾಯಿತು. ಕಲಿಸುವವನು ಗದರಬೇಕು. ಮಗಳನ್ನು ಕೊಟ್ಟ ಅತ್ತೆಯನ್ನು ಗದರುವುದು ಹೇಗೆ? ವ್ಯಾನಕ್ಕ ವ್ಯಾನಿನ ಅಭ್ಯಾಸದಲ್ಲಿ ತಿರುವುಗಳನ್ನು ಚಿಕ್ಕದಾಗಿ ತೆಗೆದುಕೊಳ್ಳುತ್ತಿದ್ದಳು. ಮುಂದಿನ ಗಾಲಿ ಸರಾಗವಾಗಿ ತಿರುಗುತ್ತಿತ್ತು, ಹಿಂದಿನ ಗಾಲಿ ಫುಟ್‌ಪಾತ್ ಹತ್ತಿ ಇಳಿಯುತ್ತಿತ್ತು. ಅಳಿಯ ಹಲ್ಲು ಕಚ್ಚಿ ಕೂರುತ್ತಿದ್ದ. ತಡೆಯಲಾರದಾದಾಗ ಕೆಮ್ಮುತ್ತಿದ್ದ. ಒಂದು ಸಲ ಕೆಮ್ಮಿದರೆ ನಿಧಾನ, ಎರಡು ಸಲ ಕೆಮ್ಮಿದರೆ ಬ್ರೇಕು, ಗಂಟಲು ಸರಿಮಾಡಿಕೊಂಡರೆ ಗೇರು ತಪ್ಪಿದೆ ಎಂದು ಅರ್ಥ. ಇದನ್ನು ಅವನು ಹೇಳಿಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಮೂರು ದಿನದಲ್ಲಿ ತಾನೇ ತಿಳಿದುಕೊಂಡಳು.

ಸಂಜೆ ಲಾರಿ ನಿಲ್ಲಿಸಿದ ಮೇಲೆ ಇಬ್ಬರೂ ಒಂದೊಂದು ದಿಕ್ಕಿಗೆ ಹೋಗಿ ಒಬ್ಬಳಿಗೇ ಫೋನು ಮಾಡುತ್ತಿದ್ದರು. "ನಿಮ್ಮಮ್ಮನಿಗೆ ಹೇಳು, ತಿರುವಲ್ಲಿ ಹಿಂದಿನ ಗಾಲೀನ ಮರೀತಾರೆ." ಅದನ್ನು ಇಟ್ಟ ಕೂಡಲೇ ಇನ್ನೊಂದು: "ನಿನ್ನ ಗಂಡನಿಗೆ ಹೇಳು, ಏನಾದ್ರೂ ಇದ್ರೆ ಬಾಯಿಬಿಟ್ಟು ಹೇಳ್ಲಿ." ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಗಿರಾಕಿಗಳ ನಡುವೆ ನಿಂತು ಇಬ್ಬರ ಮಾತನ್ನೂ ಅತ್ತಿಂದಿತ್ತ ಸಾಗಿಸುತ್ತಿದ್ದಳು. ಒಂದೇ ಲಾರಿಯಲ್ಲಿ ಮೂರಡಿ ಅಂತರದಲ್ಲಿ ಕೂತವರ ಸಂಭಾಷಣೆ ಮುನ್ನೂರು ಮೈಲಿ ಸುತ್ತಿಕೊಂಡು ಬರುತ್ತಿತ್ತು.

ಎರಡನೆಯ ತಿಂಗಳು ಅಳಿಯನಿಗೆ ನೆಗಡಿ ಹಿಡಿಯಿತು. ನೆಲದ ಟೈಲ್ಸ್ ತುಂಬಿಕೊಂಡು ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಅವನು ಎರಡು ಸಲ ಕೆಮ್ಮಿದ. ವ್ಯಾನಕ್ಕ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಹಿಂದಿನ ಕಾರಿನವನು ಹಾರನ್ನಿನ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ.

"ಏನಾಯ್ತು ಅತ್ತೆ?"

"ನೀವೇ ಕೆಮ್ಮಿದ್ರಲ್ಲ."

"ನೆಗಡಿ ಅತ್ತೆ."

ಅವಳು ಲಾರಿಯನ್ನು ರಸ್ತೆಯ ಅಂಚಿಗೆ ತಂದು ಇಂಜಿನ್ ಆರಿಸಿದಳು. "ನೋಡಿ," ಅಂದಳು, "ಈ ಬಾಗಿಲು ಮುಚ್ಚಿದ ಮೇಲೆ ಒಳಗೆ ಅತ್ತೆನೂ ಇಲ್ಲ, ಅಳಿಯನೂ ಇಲ್ಲ. ನೀವು ಕಲಿಸೋರು, ನಾನು ಕಲಿಯೋಳು. ಬೈಬೇಕು ಅನ್ಸಿದ್ರೆ ಬೈರಿ."

"ಹೇಗೆ ಬೈಯೋದು ನಿಮಗೆ?"

"ಹನ್ನೊಂದು ವರ್ಷ ಏಳು ವರ್ಷದ ಮಕ್ಕಳ ಬಾಯಲ್ಲಿ ಬೈಸ್ಕೊಂಡಿದೀನಿ. ಅದಕ್ಕಿಂತ ಮೇಲೆ ನಿಮಗೇನು ಬರತ್ತೆ?"

ಅಳಿಯ ಮೂಗು ಒರೆಸಿಕೊಂಡು ಪ್ರಯತ್ನಪಟ್ಟ. ಅವನ ಮೊದಲ ಗದರಿಕೆ ಹೀಗಿತ್ತು: "ಅತ್ತೆ, ತಪ್ಪು ತಿಳ್ಕೋಬೇಡಿ, ಬ್ರೇಕು." ವಾರ ಕಳೆಯುವುದರಲ್ಲಿ ತಪ್ಪು ತಿಳ್ಕೋಬೇಡಿ ಅನ್ನುವುದು ಉದುರಿಹೋಯಿತು. ತಿಂಗಳಾಗುವ ಹೊತ್ತಿಗೆ, "ಯಾರ್ರೀ ನಿಮಗೆ ಹೀಗೆ ತಿರುಗಿಸೋಕೆ ಕಲಿಸಿದ್ದು?" ಎಂದು ಕೇಳುವಷ್ಟು ಗಟ್ಟಿಯಾಗಿದ್ದ. "ನೀವೇ," ಅಂದಳು ಅವಳು.

ಕಷ್ಟವಾದದ್ದು ಲಾರಿಯ ಹಿಂದೆ ಸಿಕ್ಕಿಸಿದ ಉದ್ದನೆಯ ಟ್ರೇಲರನ್ನು ಹಿಂದಕ್ಕೆ ತೆಗೆಯುವುದು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ. ಕಂಪನಿಯ ಲಾರಿಗಳು ನಿಲ್ಲುವ ಯಾರ್ಡು ಖಾಲಿಯಿದ್ದಾಗ ನಾಲ್ಕು ಡ್ರಮ್ಮುಗಳನ್ನಿಟ್ಟು ಅಳಿಯ ಅಭ್ಯಾಸ ಮಾಡಿಸಿದ. ಮೊದಲ ದಿನ ನಾಲ್ಕೂ ಉರುಳಿದವು. ಎರಡನೆಯ ದಿನ ಅವಳಿಗೆ ಒಂದು ಉಪಾಯ ಹೊಳೆಯಿತು.

"ಇದು ಥೇಟ್ ನಿಮ್ಮ ಮಾವನವರ ಥರ," ಅಂದಳು. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. "ಎಡಕ್ಕೆ ಅಂದ್ರೆ ಬಲಕ್ಕೇ ಹೋಗೋರು. ಬಲಕ್ಕೆ ಬರಬೇಕಾದ್ರೆ ನಾನು ಎಡಕ್ಕೆ ಅನ್ನೋಳು. ಇಪ್ಪತ್ತು ವರ್ಷ ನಿಭಾಯಿಸಿದೀನಿ."

ಅಳಿಯ ಅತ್ತೆಯ ಮುಂದೆ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಆ ದಿನ ಉರುಳಿದ್ದು ಒಂದೇ ಡ್ರಮ್ಮು.

ಅವನು ಹೇಳಿಕೊಟ್ಟದ್ದರಲ್ಲಿ ಅವಳು ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದು ಮಾತು. "ಅನುಮಾನ ಬಂದ್ರೆ ಇಳಿದು ನೋಡಿ. ಇಳಿಯೋಕೆ ನಾಚಿಕೆ ಪಟ್ಟೋರೇ ಗೋಡೆ ಕೆಡವೋದು."

ಐದನೆಯ ತಿಂಗಳಲ್ಲಿ ಅವಳು ಒಂಟಿಯಾಗಿ ಹೊರಟಳು. ಹಿಂದೆ ಒಂದು ಮುದ್ರಣಾಲಯಕ್ಕೆ ಹೋಗಬೇಕಾದ ಕಾಗದದ ದೊಡ್ಡ ಸುರುಳಿಗಳು. ಊರು ಸೇರುವ ಮುಂಚೆ ರಸ್ತೆ ಅಗೆದಿದ್ದರು. ಬಾಣದ ಗುರುತು ತೋರಿಸಿದ ಕಡೆ ತಿರುಗಿದಳು, ಇನ್ನೊಂದು ಬಾಣ ಕಂಡಿತು, ತಿರುಗಿದಳು. ಮೂರನೆಯ ತಿರುವಿನಲ್ಲಿ ಎದುರಿಗೆ ರೈಲು ಸೇತುವೆ. ಅದರ ಹಣೆಯ ಮೇಲೆ ಎತ್ತರ ಬರೆದಿತ್ತು. ಅವಳ ಲಾರಿ ಅದಕ್ಕಿಂತ ಒಂದು ಮೊಳ ಹೆಚ್ಚು.

ನಿಲ್ಲಿಸಿದಳು. ಬೆಳಿಗ್ಗೆ ಹತ್ತು ಗಂಟೆ, ಇಕ್ಕಟ್ಟಾದ ಬೀದಿ, ಹಿಂದೆ ನೋಡನೋಡುತ್ತ ಏಳೆಂಟು ಕಾರು. ಅಳಿಯನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಓಡಿಸುವಾಗ ಯಾರ ಫೋನನ್ನೂ ಎತ್ತಬಾರದು ಎಂದು ಅವನೇ ತಾನೆ ಕಲಿಸಿದ್ದು? ಹಾರನ್ನುಗಳು ಶುರುವಾದವು. ಎರಡು ನಿಮಿಷ ಅವಳು ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಈ ವಯಸ್ಸಿನಲ್ಲಿ ಈ ಉಸಾಬರಿ ಯಾಕೆ ಬೇಕಿತ್ತು ಅನ್ನಿಸಿ ಕಣ್ಣು ತುಂಬಿತು. ಸೆರಗಿಲ್ಲದ ಉಡುಪು, ತೋಳಲ್ಲೇ ಒರೆಸಿಕೊಂಡು ಕೆಳಗಿಳಿದಳು.

ಲಾರಿಯ ಹಿಂದಕ್ಕೆ ನಡೆದು ನೋಡಿದಳು. ಒಂದು ಬದಿಗೆ ಚರಂಡಿ, ಇನ್ನೊಂದು ಬದಿಗೆ ದೀಪದ ಕಂಬ, ಮೂಲೆಯಲ್ಲಿ ಬಣ್ಣದ ಅಂಗಡಿ, ಅದರ ಬೋರ್ಡು ರಸ್ತೆಯ ಮೇಲೇ ಚಾಚಿಕೊಂಡಿತ್ತು. ಅಲ್ಲಿಂದ ದೊಡ್ಡ ರಸ್ತೆಗೆ ನೂರಾ ನಲವತ್ತು ಹೆಜ್ಜೆ. ಎಣಿಸಿಕೊಂಡು ಬಂದು ಮೊದಲ ಕಾರಿನ ಗಾಜು ತಟ್ಟಿದಳು. ಒಳಗೆ ಟೈ ಕಟ್ಟಿದವನೊಬ್ಬ.

"ಸ್ವಲ್ಪ ಹಿಂದೆ ತಗೊಳಿ."

"ನನಗೆ ಮೀಟಿಂಗ್ ಇದೆ."

"ನನಗೂ ಇದೆ, ಆ ಸೇತುವೆ ಜೊತೆ. ಬೇಡ ಅಂತ ವಾಪಸ್ ಹೋಗ್ತಿದೀನಿ. ನೀವು ಮೊದಲು, ನಿಮ್ಮ ಹಿಂದಿನೋರು ಅದಕ್ಕಿಂತ ಮೊದಲು."

ಹತ್ತೊಂಬತ್ತು ಮಕ್ಕಳನ್ನು ದಿನಕ್ಕೆರಡು ಸಲ ಸಾಲಾಗಿ ಇಳಿಸಿದವಳ ದನಿ ಅದು. ಟೈಯವನು ಗೇರು ಬದಲಿಸಿದ. ಒಬ್ಬೊಬ್ಬರಾಗಿ, ನೂಕಾಟವಿಲ್ಲದೆ, ಕಾರುಗಳು ಹಿಂದಕ್ಕೆ ಸರಿದವು. ಬಣ್ಣದ ಅಂಗಡಿಯವನು ತನ್ನ ಬೋರ್ಡಿನ ಮೇಲಿನ ಪ್ರೀತಿಗೆ ತಾನಾಗಿಯೇ ಬಂದು ಮೂಲೆಯಲ್ಲಿ ಕೈ ಬೀಸುತ್ತ ನಿಂತ. ವ್ಯಾನಕ್ಕ ಹತ್ತಿದಳು, ಹನ್ನೆರಡು ಹೆಜ್ಜೆಯಷ್ಟು ಹಿಂದೆ ಬಂದಳು, ಇಳಿದು ನೋಡಿದಳು. ಮತ್ತೆ ಹತ್ತಿದಳು. ದೊಡ್ಡ ರಸ್ತೆ ಮುಟ್ಟಲು ನಲವತ್ತು ನಿಮಿಷ ಹಿಡಿಯಿತು.

"ಹನ್ನೊಂದು ಸಲ ಇಳಿದ್ರಿ ನೀವು," ಅಂದ ಬಣ್ಣದ ಅಂಗಡಿಯವನು.

"ಹತ್ತೇ ಸಲ ಇಳಿದಿದ್ರೆ ನಿಮ್ಮ ಬೋರ್ಡಿಗೆ ಏನಾಗ್ತಿತ್ತೋ ಯಾರು ಕಂಡೋರು?"

ಮುದ್ರಣಾಲಯದ ಗುಮಾಸ್ತ ತಡವಾಯಿತೆಂದು ಮುಖ ಗಂಟಿಕ್ಕಿ ಲಾರಿ ಕಂಪನಿಯ ಆಫೀಸಿಗೇ ಫೋನು ಹಚ್ಚಿದ. ಮೇಡಂ ಫೋನನ್ನು ವ್ಯಾನಕ್ಕನ ಕೈಗೆ ಕೊಡಿಸಿ ವಿಚಾರಿಸಿದಳು.

"ಸೇತುವೆ ಇದೆಯಾ?"

"ಇದೆ."

"ಲಾರಿ?"

"ಅದೂ ಇದೆ."

"ಮತ್ತೇನು? ಲೋಡು ಇಳಿಸಿ ಸಹಿ ಹಾಕಿಸ್ಕೊಂಡು ಬನ್ನಿ."

ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದ ಅಳಿಯ ಫೋನು ನೋಡಿ ಗಾಬರಿಯಾಗಿ ಕರೆ ಮಾಡಿದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಪಕ್ಕದಲ್ಲಿ ಬಣ್ಣದ ಅಂಗಡಿ ಇದೆಯಲ್ಲ, ಆ ಸೇತುವೇನಾ?"

"ಹೂಂ. ಅದೇ."

"ನನ್ನ ಮೊದಲನೇ ವರ್ಷ ಅದರ ಕೆಳಗೇ ನುಗ್ಗಿಸಿದ್ದೆ ಅತ್ತೆ. ಮೇಲಿನ ತಗಡು ಡಬ್ಬದ ಮುಚ್ಚಳದ ಹಾಗೆ ಸುರುಳಿ ಸುತ್ಕೊಂಡ್ತು. ಮದುವೆಗೆ ಮುಂಚಿನ ಮಾತು. ನಿಮ್ಮ ಮಗಳಿಗೆ ಹೇಳಿಲ್ಲ."

"ಹಾಗಾದ್ರೆ ನನಗೂ ಗೊತ್ತಿಲ್ಲ ಬಿಡಿ," ಅಂದಳು ವ್ಯಾನಕ್ಕ.

ಅಂದಿನಿಂದ ಅವರಿಬ್ಬರ ಫೋನು ನೇರವಾಗಿ ಓಡಾಡತೊಡಗಿತು. ಎಲ್ಲಿ ರಸ್ತೆ ಅಗೆದಿದ್ದಾರೆ, ಯಾವ ಗೋಡೌನಿನಲ್ಲಿ ಯಾವ ಬಾಗಿಲಿಗೆ ಹೋಗಬೇಕು, ಎಲ್ಲಿ ಸ್ನಾನದ ನೀರು ಬಿಸಿಯಿರುತ್ತದೆ, ಇದೇ ಮಾತು. "ನಾನೊಬ್ಳು ಇದೀನಿ ಅನ್ನೋದೇ ಇಬ್ರಿಗೂ ಮರೆತುಹೋಗಿದೆ," ಎಂದು ಮಗಳು ಮುನಿಸಿಕೊಂಡಳು, ಮುನಿಸಿನಲ್ಲೂ ಅವಳ ದನಿ ಹಗುರಾಗಿತ್ತು.

ವರ್ಷವೆಲ್ಲ ಹೂವಿನ ಹಾಸಿಗೆಯಾಗಿರಲಿಲ್ಲ. ಏಳನೆಯ ತಿಂಗಳಲ್ಲಿ ಗೇಟಿನ ಕಂಬಕ್ಕೆ ತಾಗಿ ಒಂದು ಕನ್ನಡಿ ಒಡೆಯಿತು. ಮಕ್ಕಳ ಗಲಾಟೆಗೆ ಒಗ್ಗಿದ ಕಿವಿಗೆ ಕ್ಯಾಬಿನ್ನಿನ ಮೌನ ಮೊದಮೊದಲು ಕಚ್ಚುತ್ತಿತ್ತು. ಹಾಲಿನ ಟ್ಯಾಂಕರನ್ನೂ ಮೈಲಿಗಲ್ಲನ್ನೂ ಮಾತಾಡಿಸಿಕೊಂಡು ಹೋಗುತ್ತಿದ್ದಳು. ಆಮೇಲಾಮೇಲೆ ಆ ಮೌನವೇ ರುಚಿಸಿತು. ಅವಳ ಜೊತೆ ಸೇರಿದ ಆರು ಜನರಲ್ಲಿ ಮೂವರು ಬಿಟ್ಟುಹೋದರು. ಒಬ್ಬನಿಗೆ ಮನೆ ಬಿಟ್ಟಿರಲಾಗಲಿಲ್ಲ. ಇಬ್ಬರು ಗೋಡೌನಿನ ಮುಂದೆ ಐದೈದು ಗಂಟೆ ಕಾಯಿಸುತ್ತಾರೆಂದು ರೇಗಿ ಕೀಲಿ ಎಸೆದು ಹೋದರು. ಒಂದೊಂದು ಮಗು ಷೂ ಲೇಸು ಕಟ್ಟಿಕೊಳ್ಳುವವರೆಗೆ ಕಾದು ಹಣ್ಣಾದ ವ್ಯಾನಕ್ಕನಿಗೆ ಕಾಯುವುದು ಒಂದು ಕೆಲಸವೇ ಅನ್ನಿಸಲಿಲ್ಲ. ಲಾರಿಯನ್ನು ಸರದಿಯಲ್ಲಿ ನಿಲ್ಲಿಸಿ ಸೊಗಸಾಗಿ ಒಂದು ನಿದ್ದೆ ತೆಗೆಯುತ್ತಿದ್ದಳು.

ವರ್ಷ ತುಂಬಿದ ದಿನ ಮೇಡಂ ಕರೆಸಿ ಒಂದು ಕಾಗದ ಮುಂದಿಟ್ಟಳು. ಒಂಬತ್ತು ದಿನದ ದಾರಿ, ಲೋಡು ಕಿಟಕಿಯ ಗಾಜು. ಗಾಜನ್ನು ಹೊಸಬರಿಗೆ ಕೊಡುವ ವಾಡಿಕೆಯೇ ಇರಲಿಲ್ಲ.

"ನನಗ್ಯಾಕೆ?" ಎಂದು ಕೇಳಿದಳು ವ್ಯಾನಕ್ಕ.

"ನಿಮ್ಮ ಫೈಲಲ್ಲಿ ಬರೆಯೋಕೆ ವರ್ಷದಿಂದ ನನಗೇನೂ ಸಿಕ್ಕಿಲ್ಲ. ಒಂದು ಕನ್ನಡಿ ಬಿಟ್ರೆ."

ವ್ಯಾನಕ್ಕ ಕಾಗದವನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟಳು. ಹೊರಗೆ ಬಂದು ಬೀದಿ ದಾಟಿ ಹಾಸಿಗೆಯ ಅಂಗಡಿಗೆ ಹೋದಳು. ವರ್ಷವೆಲ್ಲ ಕ್ಯಾಬಿನ್ನಿನ ಹಲಗೆಯಲ್ಲಿ ಮಡಿಸಿದ ಟವೆಲ್ಲಿನ ಮೇಲೆ ತಲೆಯಿಟ್ಟು ಮಲಗಿದ್ದಾಯಿತು, ಒಂಬತ್ತು ದಿನಕ್ಕೆ ಒಂದು ಒಳ್ಳೆಯ ದಿಂಬಾದರೂ ಬೇಡವೇ?

"ಮಂಚದ ಅಳತೆ ಎಷ್ಟಮ್ಮ?" ಎಂದು ಅಂಗಡಿಯವನು ಕೇಳಿದ.

"ಅಗಲ ಎರಡಡಿ. ಎಲ್ಲಿರತ್ತೆ ಅಂತ ಮಾತ್ರ ಕೇಳ್ಬೇಡಿ."

ದಿನಕ್ಕೊಂದು ಊರಲ್ಲಿ ನಿಲ್ಲುವ ಮಂಚ ಅವನಿಗೆ ಅರ್ಥವಾಗಲಿಲ್ಲ. ಅವಳು ಐದಾರು ದಿಂಬುಗಳನ್ನು ಒತ್ತಿ ಒತ್ತಿ ನೋಡಿ, ಸ್ವಲ್ಪ ಗಟ್ಟಿಯಾದದ್ದೊಂದನ್ನು ಆರಿಸಿಕೊಂಡು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಯಾರ್ಡಿನ ಕಡೆ ನಡೆದಳು. ಅಲ್ಲಿ ಗಾಜಿನ ಪೆಟ್ಟಿಗೆಗಳನ್ನು ತುಂಬಲು ಶುರುಮಾಡಿದ್ದರು. ಹಗ್ಗ ಬಿಗಿಯುವಾಗ ತಾನು ಅಲ್ಲಿರಬೇಕೆಂದು ಅವಳು ಹೆಜ್ಜೆ ಚುರುಕು ಮಾಡಿದಳು.