ಅತ್ತೆ ಮನೆ ಮುಂದಿನ ಏರು

ಓಡುವುದು ಅಷ್ಟೇನೂ ಕಷ್ಟವಲ್ಲ. ಓಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದ ಮೇಲೆ ಓಡದೆ ಇರುವುದು ಕಷ್ಟ. ವಸಂತನರಸಾಪುರದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ದಿನವಿಡೀ ಕುರ್ಚಿ ಸವೆಸುವ ನಾನು ನಲವತ್ತೆಂಟನೇ ವಯಸ್ಸಿನಲ್ಲಿ ಕುಣಿಗಲ್ ಕಡೆಯ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟದ್ದು ಹೀಗೆ. ಇಪ್ಪತ್ತೊಂದು ಕಿಲೋಮೀಟರು, ಅರ್ಧಕ್ಕರ್ಧ ಏರು. ಮೂರು ಗಂಟೆಯೊಳಗೆ ಮುಗಿಸಿದವರಿಗೆ ಮಾತ್ರ ಪದಕ. ಅದನ್ನು ತೂಗುಹಾಕಲು ಸದಾಶಿವನಗರದ ನಮ್ಮ ಮನೆಯ ಗೋಡೆಗೆ ಆಗಲೇ ಮೊಳೆ ಹೊಡೆದಿದ್ದೆ. "ಮೊದ್ಲು ಓಡಿ, ಆಮೇಲೆ ಗೋಡೆ ತೂತು ಮಾಡೀರಂತೆ" ಎಂದಳು ಹೆಂಡತಿ.

ನನಗೆ ಭಯವಿದ್ದದ್ದು ಏರಿನದಲ್ಲ, ಅತ್ತೆಯದು. ದಾರಿ ಕೊತ್ತಗೆರೆಯ ಮೇಲೆ ಹಾಯುತ್ತಿತ್ತು. ಅಲ್ಲಿ ರಸ್ತೆಗೆ ಅಂಟಿಕೊಂಡೇ ನನ್ನ ಹೆಂಡತಿಯ ತವರುಮನೆ. ಅಳಿಯನಾದವನು ಆ ಬಾಗಿಲು ದಾಟಬೇಕೆಂದರೆ ಒಳಗೆ ಕೂರಬೇಕು, ಕಾಫಿ ಕುಡಿಯಬೇಕು, ಮೂರು ಸಲ ತಿಂಡಿ ಬೇಡವೆಂದು ನಾಲ್ಕನೇ ಸಲ ತಿನ್ನಬೇಕು. ಮುಕ್ಕಾಲು ಗಂಟೆ ಅಲ್ಲಿಗೇ ಹೋಯಿತು. ಆದ್ದರಿಂದ ಓಟದ ಸುದ್ದಿ ಅತ್ತೆಗೆ ಹೇಳಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡೆ.

ಆ ಬೆಳಿಗ್ಗೆ ಕೊತ್ತಗೆರೆ ಮುಟ್ಟುವ ಹೊತ್ತಿಗೆ ನನ್ನ ಮುಂದಿನವರೆಲ್ಲ ಕಣ್ಮರೆಯಾಗಿದ್ದರು, ಹಿಂದೆ ಯಾರೂ ಇರಲಿಲ್ಲ. ನೋಡಿದವರಿಗೆ ಅದು ಪಂದ್ಯವೆನಿಸುವಂತಿರಲಿಲ್ಲ. ಅತ್ತೆ ಅಂಗಳ ಗುಡಿಸುತ್ತಿದ್ದರು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ದಾಟಿದೆ. ನೂರು ಹೆಜ್ಜೆ ಹೋಗಿಲ್ಲ, ಹಿಂದಿನಿಂದ ಕೂಗು: "ಅಳಿಯಂದ್ರೇ, ನಿಂತ್ಕಳಿ!"

ನಾನು ಬಿರುಸು ಮಾಡಿದೆ. ಎಪ್ಪತ್ತರ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಏರು ಹತ್ತಿ ಬಂದು ನನ್ನ ಮುಂಗೈ ಹಿಡಿದುಕೊಂಡರು. "ನನ್ ಮಗ್ಳಿಗೆ ಏನಾಯ್ತು? ಹೇಳ್ಬುಡಿ."

ಮ್ಯಾರಥಾನ್ ಹುಟ್ಟಿದ್ದೇ ಸುದ್ದಿಯಿಂದಂತೆ. ಗ್ರೀಕರ ಕಡೆ ಒಬ್ಬ ಗೆಲುವಿನ ಸುದ್ದಿ ಹೊತ್ತು ಓಡಿ ಬಂದು, ಹೇಳಿ, ಸತ್ತ. ನಮ್ಮ ಕಡೆ ಹೊತ್ತು ಮೂಡುವಾಗ ಓಡಿ ಬಂದವನು ಗೆಲುವು ಹೇಳಿದ್ದನ್ನು ಯಾರೂ ಕಂಡಿಲ್ಲ, ಅವನು ತರುವುದು ಸಾವಿನ ಸುದ್ದಿಯನ್ನೇ. ಅಂಥವನು ಮನೆಯೊಳಕ್ಕೆ ಕಾಲಿಡುವುದೂ ಇಲ್ಲ. ಬಾಗಿಲಲ್ಲೇ ಹೇಳಿ ಹೊರಟುಬಿಡುತ್ತಾನೆ.

"ಏನೂ ಆಗಿಲ್ಲ ಅತ್ತೆ, ಇದು ಪಂದ್ಯ" ಎಂದೆ.

"ಮತ್ಯಾಕೆ ಮಖ ಮುಚ್ಕಂಡ್ ಓಡ್ತಿದ್ರಿ?"

ಟೋಪಿ ಮೇಲೆತ್ತಿದೆ. "ಒಳಕ್ಕಾದ್ರೂ ಬನ್ನಿ" ಎಂದರು. "ಟೈಮಿಲ್ಲ" ಎಂದುಬಿಟ್ಟೆ. ಅವರ ಮುಖದಲ್ಲಿದ್ದ ಅಷ್ಟಿಷ್ಟು ಧೈರ್ಯವೂ ಇಳಿದುಹೋಯಿತು. ನನ್ನ ಫೋನು ಕುಣಿಗಲ್ಲಿನಲ್ಲಿ, ಬ್ಯಾಗಿನೊಳಗೆ. ಗಡಿಯಾರ ನೋಡಿದೆ. ಈಗಲೇ ಕೈ ಬಿಡಿಸಿಕೊಂಡರೆ ಪದಕ ಸಿಕ್ಕರೂ ಸಿಗಬಹುದು. ಅವರು ಮುಂಗೈ ಬಿಡಲಿಲ್ಲ. ಅವರ ಜೊತೆ ಏರು ಇಳಿದೆ.

ಅತ್ತೆಯ ಫೋನಿನಿಂದ ಎರಡು ಸಲ ಮಾಡಿದರೂ ಹೆಂಡತಿ ಎತ್ತಲಿಲ್ಲ. ಮೂರನೇ ಸಲಕ್ಕೆ ನಿದ್ದೆಗಣ್ಣಿನ ದನಿ: "ಏನಮ್ಮಾ, ಇಷ್ಟ್ ಬೇಗ?" ಅತ್ತೆ ಫೋನು ನನ್ನ ಕೈಗಿಟ್ಟರು. ಜಗಲಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ನಿಜವಾಗಿ ನಾಚಿಕೆಯಾಯಿತು. ಆಮೇಲೆ ಅವರು ಕೊಟ್ಟ ಕಾಫಿ, ತಿಂಡಿ ಎರಡಕ್ಕೂ ಒಂದು ಸಲವೂ ಬೇಡವೆನ್ನಲಿಲ್ಲ.

ಓಡುತ್ತ, ನಡೆಯುತ್ತ ಕುಣಿಗಲ್ ಮುಟ್ಟಿದಾಗ ಪದಕದ ಮೇಜನ್ನು ಮಡಿಸಿ ವ್ಯಾನಿಗೆ ಏರಿಸುತ್ತಿದ್ದರು.

ಮರುದಿನ ಎದುರುಮನೆಯವರು ಗೇಟಿನಲ್ಲೇ ಹಿಡಿದರು. "ಎಷ್ಟ್ನೇದು ಬಂದ್ರಿ ಸಾರ್?"

"ನಮ್ಮನೆಯೋರಲ್ಲಿ ಎರಡ್ನೇದು, ಮೊದಲ್ನೇದು ನಮ್ಮತ್ತೆ" ಎಂದೆ.