ಹಸಿವಿಲ್ಲದವಳ ಉಪವಾಸ

ಸೆರಗನ್ನು ಮೂಗಿಗೆ ಬಿಗಿದುಕೊಂಡು ಬಂಗುಡೆಯ ಹೊಟ್ಟೆ ಸೀಳಿ ಕರುಳು ತೆಗೆಯುತ್ತಿದ್ದೆ. ಭಟ್ಕಳದಲ್ಲಿ ಹುಟ್ಟಿ ಮೀನಿನ ವಾಸನೆಯಲ್ಲೇ ಬೆಳೆದವಳು ಹಿತ್ತಲ ಕಲ್ಲಿನ ಮುಂದೆ ಹೀಗೆ ಮೂಗು ಕಟ್ಟಿಕೊಂಡು ಕೂತದ್ದನ್ನು ಕಂಡರೆ ಯಾರಾದರೂ ನಕ್ಕಾರು ಎಂದು ಬೇಲಿಯ ಕಡೆ ಬೆನ್ನು ಹಾಕಿದ್ದೆ. ಆಗ ಗಂಡನ ಫೋನ್ ಬಂತು. ಅವರಿಗೆ ಹೊನ್ನಾವರದಲ್ಲಿ ನೌಕರಿ. ಊಟದ ಬಿಡುವಿನಲ್ಲಿ ಅಲ್ಲಿಯ ಡಾಕ್ಟರಮ್ಮನ ಹತ್ತಿರ ಹೋಗಿ ನನ್ನ ರಿಪೋರ್ಟ್ ಕೇಳಿಕೊಂಡು ಬರುತ್ತೇನೆ ಎಂದಿದ್ದರು. ಕೈಯೆಲ್ಲ ರಕ್ತ. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

"ಎಂಟು ಕೇಜಿ ಇಳ್ದದ್ದು ಖರೆ. ಆದ್ರೆ ಅದ್ರಲ್ಲಿ ಕೊಬ್ಬು ಕಮ್ಮಿ, ಮಾಂಸವೇ ಜಾಸ್ತಿ ಹೋಗ್ಬಿಟ್ಟದೆ ಅಂದ್ರು. ಹಿಂಗೇ ಆದ್ರೆ ಇನ್ನು ಅಮ್ಮನ್ನ ಎತ್ತೂಕೆ ನಿನ್ನತ್ರ ಆಗೂದಿಲ್ಲ."

ಮಾಂಸ ಎಂಬ ಮಾತು ಕಿವಿಗೆ ಬಿದ್ದಾಗ ಕೈಯಲ್ಲಿದ್ದದ್ದೂ ಅದೇ. ತೆಂಗಿನ ಬುಡದ ತನಕ ಓಡಿ ವಾಂತಿ ಮಾಡಿದೆ. ಮೀನಿನ ಮೇಲೆ ಬೀಳಲಿಲ್ಲ, ಅಷ್ಟು ದೇವರ ದಯೆ.

ಎತ್ತಬೇಕಾದವರು ನನ್ನ ಅತ್ತೆ. ಎರಡು ವರ್ಷದ ಹಿಂದೆ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು ಆಪರೇಶನ್ ಆಯಿತು. ಹಿಡಿದುಕೊಂಡರೆ ನಿಲ್ಲುತ್ತಾರೆ, ಬಿಟ್ಟರೆ ಇಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ. ಗಂಡ ಬೆಳಗಿನ ಬಸ್ಸು ಹಿಡಿದ ಮೇಲೆ ಸಂಜೆಯ ತನಕ ಈ ಕೆಲಸಕ್ಕೆ ನನ್ನ ಎರಡು ತೋಳು ಬಿಟ್ಟರೆ ಬೇರೆ ದಿಕ್ಕಿಲ್ಲ. ಜಾಲಿಯಲ್ಲಿರುವ ನಾದಿನಿ ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳೋಣ ಎಂದು ಎಷ್ಟೋ ಸಲ ಹೇಳಿದಳು. ಒಮ್ಮೆ ನಾನು ಕುಮಟೆಗೆ ಮದುವೆಗೆ ಹೋದ ದಿನ ಹಾಗೆ ಒಬ್ಬಳನ್ನು ಕರೆಸಿಯೂ ಆಯಿತು. ಹೊರಗಿನವಳ ಕೈಯಲ್ಲಿ ತೊಳೆಸಿಕೊಳ್ಳಬಾರದೆಂದು ಅತ್ತೆ ಬೆಳಗಿನಿಂದ ಸಂಜೆಯವರೆಗೆ ಒಂದು ಹನಿ ನೀರು ಕುಡಿಯಲಿಲ್ಲ. ನಾನು ಬಂದಾಗ ತುಟಿ ಒಡೆದಿತ್ತು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಸಕ್ಕರೆ ಕಾಯಿಲೆ ಏರಿ, ಮೈಯೂ ಏರಿ, ನನಗೆ ಮೆಟ್ಟಿಲು ಹತ್ತುವುದು ಕಷ್ಟವಾದಾಗ ಡಾಕ್ಟರಮ್ಮ ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಹೊಟ್ಟೆಯ ಚರ್ಮ ಚಿವುಟಿ ನಾನೇ ಚುಚ್ಚಿಕೊಳ್ಳಬೇಕು. ಹಸಿವು ಸತ್ತುಹೋಗುತ್ತದೆ, ಆದರೂ ಮೊಟ್ಟೆ, ಮೀನು, ಬೇಳೆ ಬಿಡದೆ ತಿನ್ನಬೇಕು, ಭಾರ ಎತ್ತುವ ವ್ಯಾಯಾಮ ಮಾಡಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಕಸುವೂ ಕರಗುತ್ತದೆ ಎಂದು ಆವತ್ತೇ ಹೇಳಿದ್ದರು. ನನ್ನ ಕಿವಿಗೆ ಇಂಜೆಕ್ಷನ್ ಒಂದೇ ಬಿದ್ದದ್ದು.

ಎರಡು ವಾರದಲ್ಲಿ ಮೀನಿನ ವಾಸನೆ ಆಗದಾಯಿತು, ಹಸಿವು ನಿಜಕ್ಕೂ ಹೋಯಿತು. ಅದನ್ನು ನಾನು ದೇವರು ಕೊಟ್ಟದ್ದೆಂದು ತಿಳಿದೆ. ಸೋಮವಾರ ಉಪವಾಸ ಹಿಡಿದು ಹನ್ನೊಂದು ಗಂಟೆಗೆ ಅವಲಕ್ಕಿ ಡಬ್ಬಿಗೆ ಕೈ ಹಾಕುತ್ತಿದ್ದವಳು ನಾನು. ಇಡೀ ಆಯುಷ್ಯ ಅದಕ್ಕಾಗಿ ದೇವರ ಮುಂದೆ ತಪ್ಪುಕಾಣಿಕೆ ಇಟ್ಟವಳು. ಈಗ ಸೋಮವಾರ ಸಲೀಸು. ಶನಿವಾರ ಸೇರಿಸಿದೆ. ಏಕಾದಶಿ, ಸಂಕಷ್ಟಿ ಸೇರಿಸಿದೆ. ಧಾರೇಶ್ವರಕ್ಕೆ ಹೋದಾಗ ಸಾಲಿನಲ್ಲಿ ನಿಂತ ಪರಿಚಯದ ಹೆಂಗಸರು ಎಂತ ಮಾಡಿದೆ, ಇಷ್ಟು ಚಂದ ಇಳಿದಿದ್ದೀಯಲ್ಲ ಎಂದು ಕೇಳಿದರೆ, ಉಪವಾಸ ಎಂದೆ. ಶಿವನ ಬಾಗಿಲಲ್ಲಿ ನಿಂತು ಹಾಗೆ ಹೇಳಿದ ಈ ನಾಲಿಗೆಯ ಮೇಲೆ ನನಗೆ ಈಗಲೂ ಹೇಸಿಗೆ. ಅದೇ ಹೊತ್ತಿಗೆ ಹೊಟ್ಟೆಯಿಂದ ಕೊಳೆತ ಮೊಟ್ಟೆಯಂಥ ತೇಗು ಬಂತು. ಈ ಮದ್ದಿನ ಇನ್ನೊಂದು ಗುಣ ಅದು. ಮಂಗಳಾರತಿಯ ಮುಂದೆ ಬಾಯಿಗೆ ಸೆರಗು ಒತ್ತಿ ನಿಂತೆ. ಪಕ್ಕದವಳು ಭಕ್ತಿಗೆ ಅಳು ಬಂದಿದೆ ಎಂದು ತಿಳಿದಳು.

ಇಂಜೆಕ್ಷನ್ ಸುದ್ದಿ ಗೊತ್ತಿದ್ದ ಒಬ್ಬಿಬ್ಬರು, ಮಗಳ ಮದುವೆಯ ಮೊದಲು ತಮಗೂ ಒಂದು ಸಿಕ್ಕೀತೇ ಎಂದು ಗುಟ್ಟಾಗಿ ಕೇಳಿದರು. ಕಾಯಿಲೆಯ ಮದ್ದನ್ನು ಸೀರೆಯ ಮ್ಯಾಚಿಂಗ್ ಬ್ಲೌಸಿನ ಹಾಗೆ ಕೇಳುವುದು ನೋಡಿ ಬಾಯಿ ಕಹಿಯಾಯಿತು. ಆದರೆ ಅವರನ್ನು ಹಳಿಯಲು ನನಗೇನು ಹಕ್ಕು?

ಆ ಫೋನ್ ಬರುವ ಹಿಂದಿನ ಏಕಾದಶಿಯ ದಿನ ಬಚ್ಚಲಲ್ಲಿ ಅತ್ತೆಯನ್ನು ಸ್ಟೂಲಿನಿಂದ ಎಬ್ಬಿಸುತ್ತಿದ್ದೆ. ಅರ್ಧ ಎದ್ದಿದ್ದರು. ನನ್ನ ತೋಳುಗಳು ಹಠಾತ್ತನೆ ಖಾಲಿಯಾದವು. ನೋವಿಲ್ಲ, ನಡುಕವಿಲ್ಲ, ಏನೂ ಇಲ್ಲ. ಇಬ್ಬರೂ ಗೋಡೆಗೆ ಒರಗಿ ಜಾರಿ ನೆಲಕ್ಕೆ ಬಂದೆವು. ಅವರ ತಲೆ ನನ್ನ ಎದೆಯ ಮೇಲಿತ್ತು, ಕಲ್ಲಿಗೆ ತಾಗಲಿಲ್ಲ. ಅದು ದೊಡ್ಡ ದಯೆ. ಹೆದರಿಕೆಗೆ ಅವರಿಗೆ ಉಚ್ಚೆ ಹೋಯಿತು. ಅದರಲ್ಲೇ ಇಬ್ಬರೂ ಕೂತಿದ್ದೆವು, ಪಕ್ಕದ ಮನೆಯವಳು ಕರಿಬೇವಿಗೆ ಬಂದು ಕೂಗುವ ತನಕ. ಮರುದಿನ ಗಂಡ ನನ್ನನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರಮ್ಮ ಬರಿಗಾಲಲ್ಲಿ ಒಂದು ಯಂತ್ರದ ಮೇಲೆ ನಿಲ್ಲಿಸಿದರು. ಕೊಬ್ಬು ಎಷ್ಟು, ಮಾಂಸ ಎಷ್ಟು ಎಂದು ಅದು ಬೇರೆ ಬೇರೆ ಹೇಳುತ್ತದಂತೆ. ಫೋನಿನಲ್ಲಿ ಬಂದದ್ದು ಅದರ ಸುದ್ದಿ.

ಸ್ಪೀಕರಿನ ಮಾತು ಅತ್ತೆಯ ಕಿಟಕಿಗೆ ಕೇಳಿಸಿತ್ತು. ಕೈ ತೊಳೆದು ಒಳಗೆ ಹೋದಾಗ ಉಂಡೆಯಾ ಎಂದು ಕೇಳಿದರು. ಇಲ್ಲ ಎಂದೆ.

"ಇವತ್ತು ಬುಧವಾರ. ಇದು ಯಾವ ದೇವ್ರದ್ದು?"

ನಾನು ಅವರ ಹೊದಿಕೆ ಸರಿಮಾಡತೊಡಗಿದೆ.

"ಹಸಿವೇ ಇಲ್ದವಳದ್ದು ಎಂತ ಉಪವಾಸನೆ ಮಗಾ? ಹಲ್ಲು ಉದುರ್ದವ ಕಡ್ಲೆ ಬಿಟ್ಟೆ ಹೇಳ್ದಾಂಗಾತು. ಡಾಕ್ಟ್ರಮ್ಮ ಸರಿಯಾಗೇ ಹೇಳಿದ್ರು, ಕೊಬ್ಬು ಇಳೀಲಿಲ್ಲ ನಿಂದು."

ಸಿಟ್ಟು ಬಂತು. ಅವರಿಗೋಸ್ಕರ ಇಷ್ಟೆಲ್ಲ ಮಾಡುವವಳು ನಾನು, ಅವರಿಂದಲೇ ಈ ಮಾತು. ಆದರೆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ದೇವರ ಕೋಣೆಯ ಬಾಗಿಲು ತೆರೆದೇ ಇತ್ತು. ಸೂಜಿ ಮಾಡಿದ ಕೆಲಸವನ್ನು ನನ್ನ ವ್ರತವೆಂದು ಅಲ್ಲಿ ಇಟ್ಟಿದ್ದೆ. ಮುಡಿದ ಹೂವನ್ನು ತಲೆಯಿಂದ ತೆಗೆದು ದೇವರಿಗೆ ಏರಿಸಿದ ಹಾಗೆ. ಮೀನಿನ ವಾಸನೆಗಿಂತ ಅದು ಹೆಚ್ಚು ಹೇಸಿಗೆ ತರಿಸಿತು.

ತಿನ್ನದಿದ್ದರೆ, ಭಾರ ಎತ್ತದಿದ್ದರೆ ಇಂಜೆಕ್ಷನ್ ನಿಲ್ಲಿಸುತ್ತೇನೆ ಎಂದರು ಡಾಕ್ಟರಮ್ಮ. ಸಕ್ಕರೆ ಇಳಿದದ್ದು ಅದರಿಂದಲೇ, ಬಿಡುವ ಹಾಗೂ ಇಲ್ಲ. ಹಾಗಾಗಿ ಮಧ್ಯಾಹ್ನ ನಾದಿನಿ ಜಾಲಿಯಿಂದ ಬಂದು ಅತ್ತೆಯ ಹತ್ತಿರ ಕೂತಾಗ, ನಾನು ಪೇಟೆಯ ಬಟ್ಟೆ ಅಂಗಡಿಯ ಮೇಲಿನ ಹೆಂಗಸರ ಜಿಮ್ಮಿಗೆ ಹೋಗತೊಡಗಿದೆ.

ಮೊದಲ ದಿನವೇ ವಾಪಸು ಬರಬೇಕೆನಿಸಿತು. ರಬ್ಬರಿನ ಚಾಪೆ, ಬೆವರು, ಪೌಡರ್, ಮೂರೂ ಕಲೆತ ನಾತ. ಇನ್ನೊಬ್ಬರ ಅಂಗೈಯ ಜಿಡ್ಡು ಹತ್ತಿದ ಕಬ್ಬಿಣ. ನಾಲ್ಕೂ ಕಡೆ ಕನ್ನಡಿ, ಅದರಲ್ಲಿ ನನ್ನ ತೋಳಿನ ಚರ್ಮ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಕಲಿಸುವವಳು ನವಾಯತ ಮುಸ್ಲಿಮರ ಹುಡುಗಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದವಳು. ಮನೆಯಲ್ಲಿ ಅವರದೇ ಮಾತು, ನನ್ನ ಹತ್ತಿರ ಶಾಲೆಯಲ್ಲಿ ಕಲಿತ ಕನ್ನಡ. ಎರಡನೆಯ ವಾರ ನೆಲದ ಮೇಲೆ ಒಂದು ಸರಳು ಇಟ್ಟು, ಇವತ್ತಿನಿಂದ ಡೆಡ್‌ಲಿಫ್ಟ್ ಎಂದಳು. ನಾನು ಹಿಂದೆ ಸರಿದೆ.

"ಹೆಣ ಎತ್ತೂದು ನಂಗೆ ಬೇಡ. ನಮ್ಮ ಅತ್ತೆ ಬದ್ಕೇ ಇದ್ದಾರೆ."

ಅವಳು ನಕ್ಕು ನಕ್ಕು ಬೆಂಚಿನ ಮೇಲೆ ಕೂತಳು. ಆಮೇಲೆ ಕಣ್ಣು ಒರೆಸಿಕೊಂಡು, "ಹೆಣ ಅಲ್ಲ ಅಕ್ಕಾ. ನೆಲದ ಮೇಲೆ ಸುಮ್ಮನೆ ಬಿದ್ದಿರುವ ಭಾರ. ಅದು ನಿಮಗೆ ಏನೂ ಸಹಾಯ ಮಾಡುವುದಿಲ್ಲ, ಅದಕ್ಕೆ ಆ ಹೆಸರು" ಎಂದಳು. ಆದರೂ ಆ ಶಬ್ದ ನಾನು ಬಾಯಲ್ಲಿ ಆಡುವುದಿಲ್ಲ. ನೆಲದ್ದು ಎನ್ನುತ್ತೇನೆ. ಈಗ ಅಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ.

ಅತ್ತೆಯ ವಿಷಯ ಕೇಳಿದ ಮೇಲೆ ಅವಳು ಒಂದು ಸ್ಟೂಲು ತಂದು ಅದರ ಮೇಲೆ ಮೈ ಸಡಿಲ ಬಿಟ್ಟು ಕೂತಳು. ಈಗ ನಾನೇ ನಿಮ್ಮ ಅತ್ತೆ, ಎತ್ತಿ ಎಂದಳು. ಸೊಂಟ ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ, ನನ್ನನ್ನು ಮೈಗೆ ಹತ್ತಿರ ತೆಗೆದುಕೊಳ್ಳಿ. ಅವಳ ಅತ್ತರು, ಅವಳ ಬೆವರು ನನ್ನ ಮೂಗಿನೊಳಗೇ ಬಂತು. ಎತ್ತುವಾಗ ಆ ಹಾಳು ತೇಗು ಅವಳ ಮುಖದ ಮೇಲೇ ಬಿತ್ತು. ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಅವಳು ಮುಖ ತಿರುಗಿಸಲಿಲ್ಲ. ಇನ್ನೊಮ್ಮೆ ಎಂದಳು. ಯಾರ ಮನೆಯ ಮಗಳೋ, ದೇವರು ಚೆನ್ನಾಗಿಡಲಿ.

ಊಟ ಇದಕ್ಕಿಂತ ಕಷ್ಟ. ಬೇಯಿಸಿದ ಎರಡು ಮೊಟ್ಟೆ ತಟ್ಟೆಯಲ್ಲಿ ನನ್ನನ್ನೇ ನೋಡುತ್ತವೆ. ಉಸಿರು ಹಿಡಿದು, ನೀರಿನ ಜೊತೆ ಮಾತ್ರೆಯ ಹಾಗೆ ನುಂಗುತ್ತೇನೆ. ಸೋಮವಾರ ಮೊಟ್ಟೆ ಇಲ್ಲ, ಹೆಸರುಕಾಳು, ಮೊಸರು, ಕಡಲೆ. ಅದೂ ಬೇಡವೆನಿಸುತ್ತದೆ. ಧಾರೇಶ್ವರಕ್ಕೆ ಹೋದಾಗ ಹೇಳಿಕೊಂಡೆ: ಹಸಿವಿದ್ದಾಗ ನಿನಗಾಗಿ ಬಿಡಲಿಲ್ಲ, ಈಗ ಬೇಡವಾದದ್ದನ್ನು ತಿನ್ನುತ್ತಿದ್ದೇನೆ, ಬೇಕಾದರೆ ಇದನ್ನು ತಗೋ. ಆ ಹೆಂಗಸರು ಮತ್ತೆ ಸಿಕ್ಕಿದಾಗ ಇಂಜೆಕ್ಷನ್ ಎಂದೆ. ಒಬ್ಬಳು ಮುಖ ಸಿಂಡರಿಸಿದಳು. ಸಿಂಡರಿಸಲಿ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅತ್ತೆಯ ಸ್ನಾನ ಮುಗಿಸಿ ಎಬ್ಬಿಸುತ್ತಿದ್ದೆ. ಅವರ ಕಾಲು ಸೋಪಿನ ನೀರಿನ ಮೇಲೆ ಹೋಯಿತು. ಇಡೀ ಮೈ ನನ್ನ ತೋಳಿಗೆ ಬಿತ್ತು, ಎತ್ತುವವಳಿಗೆ ಏನೂ ಸಹಾಯ ಮಾಡದ ಭಾರ. ಕಣ್ಣು ಮುಚ್ಚಿದೆ. ಮೊಣಕಾಲು ತಾನಾಗಿ ಬಗ್ಗಿತು. ಅವರನ್ನು ಎದೆಗೆ ಎಳೆದುಕೊಂಡೆ. ಈ ಸಲ ತೋಳು ಖಾಲಿಯಾಗಲಿಲ್ಲ. ಎತ್ತಿ, ಹೆಜ್ಜೆ ಹೆಜ್ಜೆಗೆ ಹಿಂದೆ ಸರಿದು, ಕುರ್ಚಿಯಲ್ಲಿ ಕೂರಿಸಿದೆ.

ಅವರು ಪಕ್ಕೆ ಉಜ್ಜಿಕೊಂಡರು.

"ಹಿಡಿಯೂದು ಹಿಡಿ, ಹಿಂಡ್ಬೇಡ. ನೋವಾತು ನಂಗೆ."

ಆತು ಅತ್ತೆ ಎಂದೆ. ಮೈ ಒರೆಸಿ, ಒಣ ಸೀರೆ ಸುತ್ತಿ, ಕುಡಿಯಲು ಒಂದು ಲೋಟ ನೀರು ಕೊಟ್ಟೆ. ಪೂರ್ತಿ ಕುಡಿದರು. ಬಚ್ಚಲ ನೆಲದಲ್ಲಿ ಸೋಪಿನ ನೀರು ಹಾಗೇ ನಿಂತಿತ್ತು. ಹಿಡಿಸೂಡಿ ತೆಗೆದುಕೊಂಡು ತಿಕ್ಕಲು ಕೂತೆ.